ಮುಖ ನೋಡಿ ಬರೆದ ರಿಪೋರ್ಟು

ಯಂತ್ರ ಸರಿಯಾಗಿ ಹೇಳಿದ್ದನ್ನು ತಿದ್ದಿ ತಪ್ಪು ಮಾಡಿದ ಲ್ಯಾಬ್ ಟೆಕ್ನಿಶಿಯನ್ ನಮ್ಮ ಗಡಿಭಾಗದಲ್ಲಿ ಯಾರಾದರೂ ಇದ್ದರೆ ಅದು ನಾನೇ. 1994ರ ಜನವರಿ ತಿಂಗಳು. ಅಥಣಿಯ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನನ್ನ ಕೆಲಸ. ವಯಸ್ಸು ಇಪ್ಪತ್ಮೂರು, ಡಿಪ್ಲೊಮಾ ಮುಗಿದು ಏಳು ತಿಂಗಳಾಗಿತ್ತು, ಬುದ್ಧಿ ಬರುವುದಕ್ಕೆ ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು. ಒಂದು ಸೋಮವಾರ ಮುಂಜಾನೆ ಇಬ್ಬರ ರಕ್ತ ತೆಗೆದೆ. ಇಬ್ಬರದನ್ನೂ ಸರಿಯಾಗಿ ಪರೀಕ್ಷೆ ಮಾಡಿದೆ. ಇಬ್ಬರ ಅಂಕಿಯೂ ಸರಿಯಾಗಿಯೇ ಬಂತು. ಆಮೇಲೆ ಇಬ್ಬರ ಮುಖವನ್ನೂ ನೆನಪಿಸಿಕೊಂಡು, ಒಬ್ಬರ ಅಂಕಿಯನ್ನು ಇನ್ನೊಬ್ಬರ ಹೆಸರಿಗೆ ಬರೆದೆ.

ನನ್ನ ಉಳಿದ ಎಡವಟ್ಟುಗಳನ್ನೆಲ್ಲ ಚಹಾದಂಗಡಿಯಲ್ಲಿ ಉಪ್ಪು-ಖಾರ ಹಚ್ಚಿ ಹೇಳಿ ಜನರನ್ನು ನಗಿಸಿದ್ದೇನೆ. ಮೊದಲ ದಿನ ಸೂಜಿ ಚುಚ್ಚಲು ಹೋಗಿ ರೋಗಿಗಿಂತ ಮೊದಲು ನಾನೇ ತಲೆ ತಿರುಗಿ ಬಿದ್ದದ್ದು, ಎದ್ದಾಗ ರೋಗಿಯೇ ನನಗೆ ಗಾಳಿ ಹಾಕುತ್ತಿದ್ದದ್ದು. ರಕ್ತ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರವನ್ನು ಸಮತೂಕ ಮಾಡದೆ ಬಿಟ್ಟಾಗ ಅದು ಟೇಬಲ್ಲಿನ ಮೇಲೆ ಗುಡುಗುಡು ನಡೆಯುತ್ತ ಬಾಗಿಲ ಕಡೆ ಹೊರಟದ್ದು. ಕೇಳುವವರು ಹೆಚ್ಚಿದ್ದರೆ ಅದು ಬಾಗಿಲು ದಾಟಿ ಕಾಗವಾಡದವರೆಗೂ ಹೋಗುತ್ತದೆ. ಈ ಒಂದು ಕಥೆಯನ್ನು ಮಾತ್ರ ಅಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಈಗ ನನಗೆ ಇಪ್ಪತ್ತೆಂಟು. ಹೇಳಲೇಬೇಕು ಅನ್ನಿಸಿದೆ.

ಮೊದಲು ನಮ್ಮ ಲ್ಯಾಬಿನ ಬಗ್ಗೆ ಹೇಳುತ್ತೇನೆ. ಎಂಟಡಿಗೆ ಆರಡಿ ಕೋಣೆ. ಮೊದಲು ಅದು ಬಚ್ಚಲಾಗಿತ್ತು. ಮೂಲೆಯಲ್ಲಿ ನೀರು ಹೋಗುವ ಕಿಂಡಿ ಹಾಗೆಯೇ ಇತ್ತು, ಮಳೆಗಾಲದಲ್ಲಿ ಕಪ್ಪೆಗಳು ಅಲ್ಲಿಂದ ತಪಾಸಣೆಗೆ ಬರುತ್ತಿದ್ದವು. ಒಂದು ಸೂಕ್ಷ್ಮದರ್ಶಕ, ಒಂದು ಸೆಂಟ್ರಿಫ್ಯೂಜ್, ಬಿಸಿ ನೀರಿನ ಒಂದು ಡಬ್ಬಿ, ಒಂದು ಕಲರಿಮೀಟರ್ ಇಷ್ಟೇ ನನ್ನ ಸಂಸಾರ. ಬಸ್‌ಸ್ಟ್ಯಾಂಡು, ಬಾಗಿಲಲ್ಲಿ ನಿಂತು ಕೂಗಿದರೆ ಅಲ್ಲಿ ಕೂತವರು ತಿರುಗಿ ನೋಡುವಷ್ಟು ಹತ್ತಿರ.

ಕೊಲೆಸ್ಟ್ರಾಲ್ ಪರೀಕ್ಷೆ ಆಗ ನಮ್ಮ ಕಡೆ ಹೊಸದು. ರೋಗಿ ರಾತ್ರಿ ಉಂಡು, ಮುಂಜಾನೆ ಏನೂ ತಿನ್ನದೆ ಬರಬೇಕು. ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ, ಅದರ ಮೇಲೆ ಮೇಣದ ಪೆನ್ಸಿಲಿನಿಂದ ನಂಬರ್ ಬರೆಯಬೇಕು. ರಕ್ತ ಹೆಪ್ಪುಗಟ್ಟಿದ ಮೇಲೆ ತಿರುಗಿಸಿದರೆ ಮೇಲೆ ತಿಳಿಯಾದ ಹಳದಿ ನೀರು ನಿಲ್ಲುತ್ತದೆ, ಅದು ಸೀರಂ. ಅದರ ಒಂದು ಹನಿಯನ್ನು ಔಷಧಿಯ ದ್ರಾವಣಕ್ಕೆ ಸೇರಿಸಿ ಹತ್ತು ನಿಮಿಷ ಬೆಚ್ಚಗಿಟ್ಟರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಎಷ್ಟು ಗಾಢವೋ ಕೊಲೆಸ್ಟ್ರಾಲ್ ಅಷ್ಟು ಹೆಚ್ಚು. ಕಲರಿಮೀಟರಿನ ಮುಳ್ಳು ಆ ಬಣ್ಣವನ್ನು ಅಳೆದು ಹೇಳುತ್ತದೆ, ನಾವು ಲೆಕ್ಕ ಹಾಕಿ ಬರೆಯುತ್ತೇವೆ. ಇನ್ನೂರರ ಒಳಗಿದ್ದರೆ ಚಿಂತೆಯಿಲ್ಲ, ಇನ್ನೂರಾ ನಲವತ್ತು ದಾಟಿದರೆ ಹೆಚ್ಚು ಎಂದು ಡಾಕ್ಟರು ನನಗೆ ಹೇಳಿಕೊಟ್ಟಿದ್ದರು. ಕೊಬ್ಬು ಯಾರಿಗೆ ಇರುತ್ತದೆ ಎಂಬುದನ್ನು ಮಾತ್ರ ನಾನು ಯಾರಿಂದಲೂ ಕಲಿತಿರಲಿಲ್ಲ. ದಪ್ಪಗಿದ್ದವರಿಗೆ ಇರುತ್ತದೆ, ತೆಳ್ಳಗಿದ್ದವರಿಗೆ ಇರುವುದಿಲ್ಲ. ಇದಕ್ಕೆ ಡಿಪ್ಲೊಮಾ ಯಾಕೆ ಬೇಕು?

ಅವತ್ತು ಬೆಳಿಗ್ಗೆ ಏಳೂವರೆಗೆ ಬೆಂಚಿನ ಮೇಲೆ ಇಬ್ಬರು ಕೂತಿದ್ದರು.

ಒಬ್ಬರು ಮಂಗಸೂಳಿಯ ಪಾಂಡುರಂಗ ಕಾಕಾ. ಐವತ್ತೆಂಟು ವರ್ಷ, ಕಬ್ಬಿನ ಜಲ್ಲೆಯಂಥ ತೆಳ್ಳನೆಯ ಮೈ. ಕೊರಳಲ್ಲಿ ತುಳಸಿ ಮಣಿಯ ಮಾಲೆ. ನಮ್ಮ ಕಡೆ ಇಂಥವರನ್ನು ಮಾಳಕರಿ ಅನ್ನುತ್ತಾರೆ. ಮಾಲೆ ಹಾಕಿಕೊಂಡ ಮೇಲೆ ಮಾಂಸವಿಲ್ಲ, ಹೆಂಡವಿಲ್ಲ, ಆಷಾಢಕ್ಕೆ ಪಂಢರಪುರಕ್ಕೆ ನಡೆದುಹೋಗುವುದು ತಪ್ಪುವುದಿಲ್ಲ. ಆ ಊರಿನ ದಿಂಡಿಯಲ್ಲಿ, ಅಂದರೆ ಹಾಡುತ್ತ ನಡೆಯುವ ಭಕ್ತರ ಗುಂಪಿನಲ್ಲಿ, ಇಪ್ಪತ್ತು ವರ್ಷದಿಂದ ಹಾಡು ಎತ್ತುವವರು ಇವರೇ. ಹಿಂದಿನ ದೀಪಾವಳಿಯ ಹೊತ್ತಿಗೆ ಇವರಿಗೆ ಲಕ್ವಾ ಹೊಡೆದಿತ್ತು. ಎಡಗೈ ಅರ್ಧ ಸೋತಿತ್ತು, ತಾಳ ಹಿಡಿಯಲು ಬರುತ್ತಿರಲಿಲ್ಲ. ಧ್ವನಿ ಮಾತ್ರ ಸ್ವಲ್ಪವೂ ಕೆಟ್ಟಿರಲಿಲ್ಲ. ಜೊತೆಗೆ ಅವರ ಹೆಂಡತಿ ಸುಂದ್ರಾಕಾಕು, ತೊಡೆಯ ಮೇಲೆ ರೊಟ್ಟಿಯ ಗಂಟು.

ಇನ್ನೊಬ್ಬ ಸಿದ್ದು ದಾದಾ. ಅಥಣಿಯಲ್ಲೇ ಮಟನ್ ಖಾನಾವಳಿ ನಡೆಸುವವನು. ನೂರಾ ಎಂಟು ಕಿಲೋ. ತಾನು ಬಡಿಸಿದ್ದನ್ನು ತಾನೂ ತಿಂದು ನೋಡುವ ಪ್ರಾಮಾಣಿಕ ವ್ಯಾಪಾರಿ. ಬಿ.ಪಿ. ಸ್ವಲ್ಪ ಏರಿದೆ ಎಂದು ಡಾಕ್ಟರು ಇವನ ರಕ್ತವನ್ನೂ ನೋಡಲು ಬರೆದಿದ್ದರು.

ಬೆಂಚಿನ ಮೇಲೆ ಇಬ್ಬರು ಸಿಕ್ಕರೆ ಸಾಕು, ನನಗೆ ಅದೇ ನಾಟಕದ ಥಿಯೇಟರು. ರಕ್ತ ತೆಗೆಯುತ್ತಲೇ ಮಿರಜ್ ಬಸ್ಸಿನ ಕಂಡಕ್ಟರನ ಮಿಮಿಕ್ರಿ ಶುರು ಮಾಡಿದೆ. ಸಿದ್ದು ದಾದಾ ನಕ್ಕ ರಭಸಕ್ಕೆ ಬೆಂಚು ಒಂದು ಕಡೆ ಎದ್ದು ಕಾಕಾ ಜಾರತೊಡಗಿದರು.

"ಏ ದಾದಾ, ಸಾವಕಾಶ ನಗಪಾ! ನನಗ ಇರೂದು ಒಂದ ಕೈ," ಎಂದರು ಕಾಕಾ. ಅವರೂ ನಗುತ್ತಿದ್ದರು. ಹತ್ತಿರ ಬಾಗಿದಾಗ ಅವರ ಕಣ್ಣಿನ ಮೂಲೆಯಲ್ಲಿ, ರೆಪ್ಪೆಯ ಮೇಲೆ, ಹಳದಿ ಬಣ್ಣದ ಉಬ್ಬಿದ ಮಚ್ಚೆಗಳು ಕಂಡವು.

"ಇದೇನ್ರಿ ಕಾಕಾ, ಭಜಿ ಹಿಟ್ಟ ಸಿಡಿದೈತೇನು?"

"ನಮ್ಮ ಅಣ್ಣಾಗೂ ಇದ್ದುವು ತಮ್ಮಾ. ಮನೆತನದ ಗುರುತದು." ಆಮೇಲೆ ದನಿ ತಗ್ಗಿಸಿದರು. "ಒಂದ ಮಾತ ಕೇಳ್ತೀನಿ. ಈ ಲಕ್ವಾ ಇನ್ನೊಮ್ಮಿ ಬರ್ತೈತೋ ಇಲ್ಲೋ ಅನ್ನೂದು ಈ ರಕ್ತದಾಗ ತಿಳೀತೈತೇನು? ಅಣ್ಣಗ ಮೊದಲನೇದು ಹಿಂಗ ಕೈಗೆ ಬಂತು. ಎರಡನೇದಕ್ಕ ನಾಲಿಗಿ ಹೋತು. ಮೂರ ವರ್ಷ ಮಾತಿಲ್ಲದ ಬಿದ್ದಿದ್ದ. ನನಗ ತಾಳ ಹ್ವಾದ್ರ ಹೋಗಲಿ. ದನಿ ಹೋಗಬಾರ್ದು."

ಒಬ್ಬ ಮನುಷ್ಯ ತನ್ನ ಬದುಕಿನ ಅತಿ ದೊಡ್ಡ ಭಯವನ್ನು ನನ್ನೆದುರು ಬಿಚ್ಚಿ ಇಟ್ಟಿದ್ದ. ನಾನು ಏನೆಂದೆ ಗೊತ್ತೇ?

"ಎಲ್ಲಾ ತಿಳೀತೈತ್ರಿ ಕಾಕಾ. ನಿನ್ನೆ ನೀವು ಕಾಕು ಕೂಡ ಜಗಳಾ ಮಾಡಿದ್ದೂ ತಿಳೀತೈತಿ."

ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. ದಾದಾ ಮತ್ತೆ ಬೆಂಚು ಅಲುಗಾಡಿಸಿದ. ಆ ಗದ್ದಲದಲ್ಲೇ ಎರಡು ನಳಿಕೆಗಳ ಮೇಲೆ ನಂಬರ್ ಬರೆದೆ. ಒಂದನೇ ನಂಬರು ಯಾವಾಗಲೂ ಹೋಲಿಸಿ ನೋಡುವ ದ್ರಾವಣದ್ದು, ಆದ್ದರಿಂದ ಕಾಕಾ ಎರಡು, ದಾದಾ ಮೂರು.

ಅವರು ಹೋದ ಮೇಲೆ ಕರೆಂಟು ಹೋಯಿತು. ಬಂದದ್ದು ಹನ್ನೊಂದಕ್ಕೆ. ನಳಿಕೆ ತಿರುಗಿಸಿ, ಸೀರಂ ತೆಗೆದು, ದ್ರಾವಣಕ್ಕೆ ಹಾಕಿ ಹತ್ತು ನಿಮಿಷ ಕಾಯ್ದೆ. ಎರಡನೇ ನಂಬರು ಗುಲಾಲು ಕಲಸಿಟ್ಟ ಹಾಗೆ ಗಾಢವಾಗಿ ಕುಳಿತಿತ್ತು. ಮೂರನೇ ನಂಬರು ತೊಳೆದ ಗುಲಾಬಿ ಪಂಚೆಯ ಹಾಗೆ ತಿಳಿಯಾಗಿತ್ತು. ಲೆಕ್ಕ ಹಾಕಿದೆ. ಎರಡು: 318. ಮೂರು: 164.

ನಾನು ಒಬ್ಬನೇ ಬಚ್ಚಲಲ್ಲಿ ನಿಂತು ನಕ್ಕೆ. ಮಟನ್ ಖಾನಾವಳಿಯ ಮಾಲೀಕನಿಗೆ 164, ತುಳಸಿ ಮಾಲೆಯ ಮನುಷ್ಯನಿಗೆ 318! ಮಿಮಿಕ್ರಿಯ ಭರದಲ್ಲಿ ನಂಬರ್ ಬರೆಯುವಾಗ ನಳಿಕೆ ಅದಲುಬದಲಾಗಿವೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. ನನ್ನ ಮೇಲೆ ನನಗಿದ್ದ ಅಪನಂಬಿಕೆಗೆ ಕಾರಣ ಇತ್ತು, ನಾನು ಅಂಥವನೇ. ಆದರೆ ಅನುಮಾನ ಬಂದಾಗ ಮಾಡಬೇಕಾದ ಕೆಲಸ ಒಂದೇ: ಇಬ್ಬರನ್ನೂ ಮತ್ತೆ ಕರೆಸಿ ಬೇರೆ ರಕ್ತ ತೆಗೆಯುವುದು. ಹಾಗೆ ಮಾಡಿದರೆ ಡಾಕ್ಟರಿಗೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಮಿಮಿಕ್ರಿ ಹೊರಬೀಳುತ್ತದೆ. ಕಾಕಾ ಒಂಬತ್ತರ ಬಸ್ ಹಿಡಿದು ಇಷ್ಟೊತ್ತಿಗೆ ಊರು ಮುಟ್ಟಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ರಿಜಿಸ್ಟರಿನಲ್ಲಿ ಎರಡು ಅಂಕಿಗಳ ನಡುವೆ ಒಂದು ಬಾಣದ ಗುರುತು ಈ ಕಡೆಯಿಂದ ಆ ಕಡೆಗೆ, ಇನ್ನೊಂದು ಆ ಕಡೆಯಿಂದ ಈ ಕಡೆಗೆ ಎಳೆದೆ. ಕಾಕಾನ ರಿಪೋರ್ಟಿನಲ್ಲಿ 164 ಬರೆದೆ, ದಾದಾನದರಲ್ಲಿ 318. ತಪ್ಪು ಸರಿಪಡಿಸಿದ ಸಮಾಧಾನದಲ್ಲಿ ಎರಡು ಕಪ್ ಚಹಾ ಕುಡಿದೆ.

ಸಂಜೆ ಡಾಕ್ಟರು ರಿಪೋರ್ಟು ನೋಡಿದರು. ನಮ್ಮ ಡಾಕ್ಟರದು ಮಾತು ಕಡಿಮೆ. ಕಾಕಾನ ಕಾಗದವನ್ನು ಎರಡು ಸಲ ನೋಡಿ ಕನ್ನಡಕ ತೆಗೆದರು.

"ಇವರ ಕಣ್ಣಿನ ಮ್ಯಾಲ ಹಳದಿ ಅದಾವು. ನೂರಾ ಅರವತ್ನಾಲ್ಕು ಹೆಂಗ ಬಂತು? ಸರಿಯಾಗಿ ನೋಡಿಯೇನಲೇ ಸುರೇಶ?"

"ಎರಡ ಸಲಾ ಮಾಡೀನ್ರಿ ಸರ್."

ಒಂದು ಸಲ ಮಾತ್ರ ಮಾಡಿದ್ದೆ. ಇಲ್ಲಿಯವರೆಗಿನದನ್ನು ಹುಡುಗಾಟ ಅನ್ನಬಹುದು. ಈ ಮಾತನ್ನು ಮಾತ್ರ ಹಾಗೆ ಅನ್ನಲು ಬರುವುದಿಲ್ಲ. ಡಾಕ್ಟರು ಅನುಮಾನಪಟ್ಟು ಬಾಗಿಲು ತೆರೆದು ನಿಂತಿದ್ದರು, ನಾನು ಒಳಗಿನಿಂದ ಚಿಲಕ ಹಾಕಿದೆ.

ಬುಧವಾರ ಕಾಕಾ ರಿಪೋರ್ಟಿಗೆ ಬಂದರು. ಡಾಕ್ಟರು ಬಿ.ಪಿ.ಯ ಗುಳಿಗೆ, ರಕ್ತ ತೆಳುವಾಗಿಡುವ ಗುಳಿಗೆ ಎರಡನ್ನೂ ಬಿಡದೆ ತಿನ್ನಲು ಹೇಳಿದರು. ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ ಆಗ ನಮ್ಮಲ್ಲಿ ಸಿಗುತ್ತಿರಲಿಲ್ಲ, ಮಿರಜ್‌ನಿಂದ ತರಿಸಬೇಕಿತ್ತು. ಅದನ್ನು ಬರೆಯಬೇಕೆಂದು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರು, ಕಾಗದದಲ್ಲಿ 164 ಇದ್ದುದರಿಂದ ಬರೆಯಲಿಲ್ಲ. ಬೆಣ್ಣೆ, ತುಪ್ಪ, ಕೆನೆ ಕಟ್ಟುನಿಟ್ಟಾಗಿ ಬಿಡಬೇಕೆಂದು ಮೊದಲು ಹೇಳಿದ್ದನ್ನೂ ಸಡಿಲು ಮಾಡಿದರು. ಮನೆಯಲ್ಲಿ ಎರಡು ಎಮ್ಮೆ ಕಟ್ಟಿದ್ದ ಕಾಕುಗೆ ಇದು ದೊಡ್ಡ ಸಂತೋಷ. ಹೊರಗೆ ಬಂದವರಿಗೆ ನಾನು ಕೊನೆಯ ಮೊಳೆ ಹೊಡೆದೆ.

"ಕಾಕಾ, ನಿಮ್ಮ ರಕ್ತ ಅಂದ್ರ ಪಂಢರಪುರದ ಚಂದ್ರಭಾಗಾ ನದಿ ನೀರ್ರಿ! ಇನ್ನ ಇಪ್ಪತ್ತ ವರ್ಷ ಹಾಡ್ರಿ. ಎರಡನೇದು ನಿಮ್ಮ ಮನಿ ದಾರಿನ ಮರತೈತಿ."

ಕಾಕಾ ನನ್ನ ತಲೆಯ ಮೇಲೆ ಬಲಗೈ ಇಟ್ಟರು. ಆ ಕೈಯ ಭಾರ ಈಗಲೂ ಗೊತ್ತಾಗುತ್ತದೆ.

ಇತ್ತ ಸಿದ್ದು ದಾದಾನ ಸ್ಥಿತಿ ನೋಡಲಾಗುತ್ತಿರಲಿಲ್ಲ. "ದಾದಾ, ನಿಮ್ಮ ರಕ್ತ ಬಾಂಡಲಿಗೆ ಹಾಕಿದ್ರ ಒಂದ ಘಾಣಾ ಭಜಿ ಕರೀಬಹುದು," ಎಂದು ನಾನು ಹೆದರಿಸಿದ್ದೆ. ಪಾಪ, ನಂಬಿಬಿಟ್ಟ. ಮಟನ್ ಬಿಟ್ಟ, ಎಣ್ಣೆ ಬಿಟ್ಟ. ತನ್ನದೇ ಖಾನಾವಳಿಯಲ್ಲಿ ಹಣ ಎಣಿಸುವ ಗಲ್ಲೆಯ ಮೇಲೆ ಕೂತು, ಸುತ್ತಲೂ ರಸ್ಸಾದ ವಾಸನೆ ಹೊಡೆಯುತ್ತಿದ್ದರೆ, ಹಸಿ ಮೂಲಂಗಿ ಕಚ್ಚುತ್ತಿದ್ದ. ಮಾಲೀಕನ ಮುಖದ ಮೇಲಿನ ಸೂತಕ ನೋಡಿ ಗಿರಾಕಿಗಳು ಊಟ ಸರಿಯಿಲ್ಲವೇನೋ ಎಂದು ತಟ್ಟೆ ಮೂಸಿ ನೋಡತೊಡಗಿದರು. ಮುಂಜಾನೆ ತೆಲಸಂಗ ರಸ್ತೆಯಲ್ಲಿ ಅವನು ನಡೆಯುವಾಗ ಎದುರಿಗೆ ಬಂದ ಎಮ್ಮೆಗಳೇ ದಾರಿ ಬಿಡುತ್ತಿದ್ದವು ಎಂದು ನಾನು ಊರಲ್ಲೆಲ್ಲ ಹಬ್ಬಿಸಿದೆ.

ಏಪ್ರಿಲ್‌ನಲ್ಲಿ ಅವನ ರಕ್ತ ಮತ್ತೆ ನೋಡಿದೆ. 158. ಹನ್ನೊಂದು ಕಿಲೋ ತೂಕವೂ ಇಳಿದಿತ್ತು. ದಾದಾ ಇಡೀ ನರ್ಸಿಂಗ್ ಹೋಮಿಗೆ ಪೇಢೆ ಹಂಚಿದ. ತಾನು ಮಾತ್ರ ತಿನ್ನಲಿಲ್ಲ.

ಡಾಕ್ಟರು ಹುಬ್ಬು ಗಂಟು ಹಾಕಿದರು. "ಬರೇ ಪಥ್ಯದಿಂದ ಮೂರ ತಿಂಗಳದಾಗ ಅರ್ಧಕ್ಕ ಇಳಿಯೂದಿಲ್ಲಲೇ. ಮೊದಲಿಂದು ಏನೋ ಹೆಚ್ಚುಕಡಿಮಿ ಆಗೈತಿ."

"ಮೂಲಂಗಿ ಪ್ರತಾಪ್ರಿ ಸರ್!"

ಡಾಕ್ಟರಿಗೂ ನಗು ಬಂತು. ಅದು ನನಗೆ ಸಿಕ್ಕ ಎರಡನೇ ಅವಕಾಶ. ಪೇಢೆಯ ಜೊತೆ ಅದನ್ನೂ ನುಂಗಿದೆ. ಮನಸ್ಸಿನ ಮೂಲೆಯಲ್ಲಿ ಏನೂ ಅನ್ನಿಸಲಿಲ್ಲವೇ ಎಂದು ಕೇಳಿದರೆ, ಅನ್ನಿಸಿತು. ರಿಜಿಸ್ಟರಿನ ಆ ಪುಟ ತೆಗೆಯಲು ಕೈ ಹೋಯಿತು. ತೆಗೆಯಲಿಲ್ಲ.

ಮೇ ತಿಂಗಳ ಒಂದು ಮುಂಜಾನೆ, ಹತ್ತರ ಸುಮಾರಿಗೆ, ಒಂದು ಟ್ರಾಕ್ಸ್ ಗಾಡಿ ಬಾಗಿಲ ಮುಂದೆ ನಿಂತಿತು. ಮಂಗಸೂಳಿಯ ನಾಲ್ಕು ಜನ ಪಾಂಡುರಂಗ ಕಾಕಾನನ್ನು ಎತ್ತಿ ಇಳಿಸಿದರು. ಮುಂಜಾನೆ ಎಮ್ಮೆಗೆ ನೀರು ಕುಡಿಸಲು ಹೋದವರು ಅಲ್ಲೇ ಕುಸಿದಿದ್ದರಂತೆ. ಈ ಸಲ ಬಲಗೈ, ಬಲಗಾಲು. ಬಾಯಿ ಒಂದು ಕಡೆ ಎಳೆದಿತ್ತು. ಡಾಕ್ಟರು ಹೆಸರು ಕೇಳಿದರು. ಕಾಕಾನ ಕಣ್ಣು ಎಚ್ಚರವಾಗಿಯೇ ಇತ್ತು, ಪ್ರಶ್ನೆಯೂ ತಿಳಿದಿತ್ತು. ಬಾಯಿ ತೆರೆದರು. "ಆಂ... ಆಂ..." ಎಂಬುದರ ಆಚೆಗೆ ಏನೂ ಬರಲಿಲ್ಲ. ಮತ್ತೆ ಪ್ರಯತ್ನಿಸಿದರು, ಮತ್ತೆ ಅಷ್ಟೇ. ಮೂರನೇ ಸಲ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದರು.

ನಾನು ಸಿರಿಂಜ್ ಹಿಡಿದು ನಿಂತಿದ್ದೆ. ಎರಡು ಸಲ ಚುಚ್ಚಿದ ಮೇಲೆ ರಕ್ತ ಸಿಕ್ಕಿತು. ಡಾಕ್ಟರು ಸಕ್ಕರೆ, ಯೂರಿಯಾ, ಕೊಲೆಸ್ಟ್ರಾಲ್ ಎಲ್ಲ ಬರೆದುಕೊಟ್ಟಿದ್ದರು.

ಬೆಂಚಿನ ಮೇಲೆ ಯಾರೂ ಇರಲಿಲ್ಲ, ಮಿಮಿಕ್ರಿಯೂ ಇರಲಿಲ್ಲ. ಲ್ಯಾಬಿನಲ್ಲಿ ಇದ್ದದ್ದು ಒಂದೇ ನಳಿಕೆ. ಹತ್ತು ನಿಮಿಷದಲ್ಲಿ ಅದೇ ಗುಲಾಲಿನ ಬಣ್ಣ ಎದ್ದು ಬಂತು. 322.

ಅದಲುಬದಲಾಗಲು ಬೇರೆ ಯಾರ ನಳಿಕೆಯೂ ಇಲ್ಲ. ನಾನು ಸ್ಟೂಲಿನ ಮೇಲೆ ಕೂತೆ. ಆಗ ನನ್ನ ತಲೆಯಲ್ಲಿ ಬಂದದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಕಾಕಾನ ಬಗ್ಗೆ ಯೋಚನೆ ಬರಲಿಲ್ಲ. 190 ಎಂದು ಬರೆದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ಬಂತು. ಒಂದು ಅಂಕಿಯನ್ನು ಬರೆದೂ ಬಿಟ್ಟಿದ್ದೆ, 'ಒಂದು'. ಹೊರಗೆ ಸುಂದ್ರಾಕಾಕು ಯಾರಿಗೋ ಹೇಳುತ್ತಿದ್ದರು: "ರಕ್ತಾ ಚಲೋ ಐತಿ ಅಂತ ಇಲ್ಲೇ ಹೇಳಿದ್ರರಿ. ಕಾಗದಾ ಐತಿ ನನ್ನ ಕಡೆ." ಆ 'ಒಂದ'ನ್ನು ಗೀಚಿ ಹಾಕಿದೆ. ರಿಜಿಸ್ಟರ್ ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದೆ.

ಜನವರಿಯ ಪುಟ ತೆರೆದು ಮುಂದಿಟ್ಟೆ. ಡಾಕ್ಟರು ಆ ಎರಡು ಬಾಣಗಳನ್ನು ಬಹಳ ಹೊತ್ತು ನೋಡಿದರು.

"ಯಾಕ ಬದಲಿ ಮಾಡಿದಿ?"

"ಅವರು ಮಾಳಕರಿ ಅದಾರಂತರಿ ಸರ್. ಸಿದ್ದು ದಾದಾ ದಪ್ಪ ಅದಾನಂತ..."

"ಎರಡ ಸಲಾ ಮಾಡೀನಿ ಅಂದಿದ್ದಿ."

ಬೈಯುತ್ತಾರೆ, ಹೊಡೆಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕಾಯುತ್ತಿದ್ದೆ. ಅವರು ಒಂದು ಕಾಗದ ತೆಗೆದು ಪಾಠ ಹೇಳುವವರ ಹಾಗೆ ಹೇಳಿದರು. ಕೊಲೆಸ್ಟ್ರಾಲ್ ಬರೀ ತಟ್ಟೆಯಿಂದ ಬರುವುದಿಲ್ಲ, ಹೆಚ್ಚಿನದನ್ನು ನಮ್ಮ ಲಿವರೇ ತಯಾರಿಸುತ್ತದೆ. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಹೆಚ್ಚು, ಮೈ ಎಷ್ಟೇ ತೆಳ್ಳಗಿರಲಿ, ಊಟ ಎಷ್ಟೇ ಸಾತ್ವಿಕವಿರಲಿ. ಕಣ್ಣಿನ ಮೇಲಿನ ಹಳದಿ ಅದರ ಒಂದು ಗುರುತು. ರಕ್ತನಾಳದ ಒಳಗೆ ಅದು ಕೂತು ಕೂತು ದಾರಿ ಸಣ್ಣದಾಗುತ್ತದೆ. ಒಮ್ಮೆ ಲಕ್ವಾ ಹೊಡೆದವರಿಗೆ ಮತ್ತೆ ಹೊಡೆಯುವ ಅಪಾಯ ಬೇರೆಯವರಿಗಿಂತ ಹೆಚ್ಚು. ಬಿ.ಪಿ., ಸಕ್ಕರೆ, ತಂಬಾಕು, ಕೊಲೆಸ್ಟ್ರಾಲ್, ಇವುಗಳಲ್ಲಿ ಯಾವುದನ್ನು ಹಿಡಿತದಲ್ಲಿಡಲು ಬರುತ್ತದೋ ಅದನ್ನೆಲ್ಲ ಹಿಡಿಯಬೇಕು.

"ನಾನು ಬರೋಬ್ಬರಿ ಬರೆದಿದ್ರ ಇದು ಬರ್ತಿರಲಿಲ್ಲೇನ್ರಿ ಸರ್?"

"ಹಂಗ ಹೇಳಾಕ ಬರೂದಿಲ್ಲ. ಗುಳಿಗಿ ಕೊಟ್ಟಿದ್ರೂ ಬರಬಹುದಿತ್ತು. ಕೊಟ್ಟಿದ್ರ ತಪ್ಪಬಹುದಿತ್ತು. ಅದು ನಿನಗೂ ಗೊತ್ತಾಗೂದಿಲ್ಲ, ನನಗೂ ಗೊತ್ತಾಗೂದಿಲ್ಲ, ಸಾಯೂ ತನಾ." ಕನ್ನಡಕ ಹಾಕಿಕೊಂಡರು. "ಅನುಮಾನ ಬಂದಿತ್ತು ನನಗ. ನಾನೂ ನಿನ್ನ ಮಾತ ನಂಬಿ ಸುಮ್ಮನಾದ್ನಿ. ನಂದು ನಾ ಅವರಿಗೆ ಹೇಳ್ತೀನಿ. ನಿಂದು ನೀ ಹೇಳು. ಈಗ ಹೋಗಿ ಹೇಳು."

"ಸರ್, ನಾ ನೌಕರಿ ಬಿಟ್ಟ ಹೋಗ್ತೀನ್ರಿ."

"ಓಡಿಹ್ವಾದ್ರ ನಿನಗ ಹಗುರಾಗ್ತೈತಿ. ಅವರಿಗೇನಾಗ್ತೈತಿ? ಇನ್ನ ಮ್ಯಾಲ ಕಾಕಾನ ಇಲ್ಲಿತನಾ ತರಾಕ ಆಗೂದಿಲ್ಲ. ತಿಂಗಳಿಗೊಮ್ಮಿ ಮಂಗಸೂಳಿಗೆ ಹೋಗಿ ರಕ್ತಾ ತಗೊಂಡ ಬಾ."

ವಾರ್ಡಿನಲ್ಲಿ ಕಾಕು ಗಂಡನ ಪಾದದ ಬಳಿ ಕೂತಿದ್ದರು. ನಾನು ನಿಂತೇ ಹೇಳಿದೆ. ಜೀವನದಲ್ಲಿ ಮೊದಲ ಸಲ ಯಾವುದೇ ಬಣ್ಣ ಹಚ್ಚದೆ ಒಂದು ಕಥೆ ಹೇಳಿದ್ದು. ನಾಲ್ಕೇ ವಾಕ್ಯದಲ್ಲಿ ಮುಗಿಯಿತು.

ಕಾಕು ಗಂಡನ ಪಾದದ ಮೇಲಿನ ಹೊದಿಕೆ ಸರಿಪಡಿಸಿದರು. ಆಮೇಲೆ, "ಅಂದ್ರ ಆ ಕಾಗದಾ ಇವರದಲ್ಲ?" ಎಂದರು.

"ಅಲ್ರಿ ಕಾಕು."

"ಮತ್ತ ಯಾರದದು?"

"ಖಾನಾವಳಿ ಸಿದ್ದು ದಾದಾಂದ್ರಿ."

"ವಿಠ್ಠಲನ ಫೋಟೋದ ಹಿಂದ ಇಟ್ಟೇನಿ ಅದನ್ನ. ದಿನಾ ಮುಂಜಾನಿ ಕೈ ಮುಗದೇನಿ."

ಕಾಕಾ ಹಾಸಿಗೆಯಲ್ಲಿ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಬೈಯಬೇಕೆನ್ನಿಸಿದ್ದರೆ ಬೈಯಲು ನಾಲಿಗೆ ಇರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದರು.

ಸಿದ್ದು ದಾದಾನಿಗೆ ಅದೇ ದಿನ ಸಂಜೆ ಹೇಳಿದೆ. ಗಲ್ಲೆಯ ಮೇಲೆ ಕೂತು ಮೂಲಂಗಿ ತಿನ್ನುತ್ತಿದ್ದ. ಮೊದಲು ಗೊಳ್ಳೆಂದು ನಕ್ಕ.

"ಅಂದ್ರ ನಾಕ ತಿಂಗಳ ನಾ ಮಾಡಿದ್ದು ಕಾಕಾಂದು ಪಥ್ಯಾ?" ನಗು ಅರ್ಧಕ್ಕೆ ನಿಂತಿತು. "ಮತ್ತ ಅಂವಾ... ಅಂವಾ ನನ್ನ ತುಪ್ಪಾ ತಿಂದ್ನೇನಲೇ?"

ಮೂಲಂಗಿಯನ್ನು ಕೆಳಗಿಟ್ಟ. ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ, ಹಿಡಿದಿದ್ದರೆ ಉಪಕಾರವಾಗುತ್ತಿತ್ತು. ಅವನು ಅಂಗಿ ಹಾಕಿಕೊಂಡು ಕಾಕಾನನ್ನು ನೋಡಲು ಹೊರಟ. ಹೋಗುವಾಗ, "ನಡಿ, ನೀನೂ ಬಾ. ಹಿಂದ ಉಳಿಬ್ಯಾಡ," ಎಂದ.

ಆ ವರ್ಷದ ದಿಂಡಿ ಕಾಕಾ ಇಲ್ಲದೆ ಹೊರಟಿತು. ಮಿರಜ್‌ನಿಂದ ತಂದ ಗುಳಿಗೆ ಶುರುವಾಯಿತು. ಕಾಕು ಒಂದು ಎಮ್ಮೆ ಮಾರಿದರು. ನಾನು ಪ್ರತಿ ತಿಂಗಳ ಮೊದಲ ಭಾನುವಾರ, ರಬ್ಬರ್ ಪಟ್ಟಿ ಮತ್ತು ನಳಿಕೆಯ ಡಬ್ಬಿ ಹಿಡಿದು ಮಂಗಸೂಳಿಗೆ ಹೋಗತೊಡಗಿದೆ. 322 ಇದ್ದದ್ದು 280 ಆಯಿತು, 240 ಆಯಿತು, ಕೊನೆಗೆ 215ಕ್ಕೆ ಬಂದು ನಿಂತಿತು. ಮೂರನೇ ಹೊಡೆತ ಇಲ್ಲಿಯವರೆಗೆ ಬಂದಿಲ್ಲ. ಗುಳಿಗೆಯಿಂದಲೋ, ಪಥ್ಯದಿಂದಲೋ, ದೇವರಿಂದಲೋ, ಹೇಳಲು ಬರುವುದಿಲ್ಲ. ನಾನು ಹೇಳುವುದೂ ಇಲ್ಲ. ಬಲಗಾಲು ಕೋಲಿನ ಆಸರೆಗೆ ಒಗ್ಗಿತು. ಮಾತು ಒಂದೊಂದೇ ಮರಳಿತು: ಬಾ, ಕೂಡು, ಚಹಾ, ಸಾಕು. ಲೆಕ್ಕ ಹಾಕಿದರೆ ಮೂವತ್ತು ಶಬ್ದ ಇರಬಹುದು. ಹಾಡು ಬರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ದೊಡ್ಡ ತತ್ವವೇನಲ್ಲ. ಈಗ ಮೊದಲು ಅಂಕಿ ಬರೆಯುತ್ತೇನೆ, ಆಮೇಲೆ ಹೆಸರು ನೋಡುತ್ತೇನೆ. ನಂಬರ್ ಬರೆಯುವಾಗ ಬಾಯಿ ಮುಚ್ಚಿರುತ್ತೇನೆ, ನನ್ನನ್ನು ಬಲ್ಲವರಿಗೆ ಅದು ಎಂಥ ತಪಸ್ಸು ಎಂದು ಗೊತ್ತು. ಅಂಕಿ ವಿಚಿತ್ರ ಕಂಡರೆ ರೋಗಿಯನ್ನು ಮತ್ತೆ ಕರೆಸುತ್ತೇನೆ. ಫೋನ್ ಇಲ್ಲದ ಊರಾದರೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸುತ್ತೇನೆ: 'ನನ್ನಿಂದ ತಪ್ಪಾಗಿರಬಹುದು, ದಯವಿಟ್ಟು ಬರಬೇಕು.' ಬಂದವರು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.

ಆದರೆ ಇಷ್ಟೆಲ್ಲ ಕಲಿತ ಮೇಲೂ ಒಂದು ಸುಳ್ಳು ನನ್ನ ಹತ್ತಿರ ಉಳಿದುಕೊಂಡಿತ್ತು. ಅದು ಹೋದದ್ದು ಆ ವರ್ಷದ ದಸರೆಯ ತಿಂಗಳಿನ ಭಾನುವಾರ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ರಕ್ತ ತೆಗೆದಾದ ಮೇಲೆ ಕಾಕು ಚಹಾ ಕೊಟ್ಟು, ಮೊರದಲ್ಲಿ ಶೇಂಗಾ ಆರಿಸುತ್ತ ಕೂತರು. ಯಾರೂ ಏನೂ ಕೇಳಿರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಅವತ್ತ ನಿಮ್ಮನ್ನ ತಿರುಗಿ ಕರೀಬೇಕಂತ ಮನಸ್ಸಿನಾಗ ಬಂದಿತ್ರಿ ಕಾಕು. ಆದ್ರ ಅಷ್ಟೊತ್ತಿಗೆ ನೀವು ಊರಿಗೆ ಹೋಗಿಬಿಟ್ಟಿದ್ರಿ."

ಕಾಕು ತಲೆ ಎತ್ತಲಿಲ್ಲ. ಶೇಂಗಾ ಆರಿಸುತ್ತಲೇ ಹೇಳಿದರು.

"ನಾವೆಲ್ಲಿ ಹೋಗಿದ್ದಿವಿ ತಮ್ಮಾ? ಅವತ್ತ ಬಸ್ ಕೆಟ್ಟಿತ್ತು. ಎರಡ ಹೊಡಿಯೂ ತನಾ ಅಥಣಿ ಸ್ಟ್ಯಾಂಡಿನಾಗ ಕುಂತಿದ್ದಿವಿ. ರೊಟ್ಟಿ ತಿಂದಿವಿ. ಹೊತ್ತ ಹೋಗವಲ್ದಂತ ಇವರು ಹಾಡಾಕ ಚಾಲೂ ಮಾಡಿದ್ರು. ಜನಾ ಸುತ್ತಗಟ್ಟಿ ನಿಂತ ಕೇಳಾಕತ್ತಿದ್ರು. ನಿನಗೂ ಕೇಳಿರಬೇಕಲ್ಲ."